ಎಂಜಿನ್ನಿನ ತೂಗಾಟವೂ ಅಂಕಿಗಳ ಔಷಧವೂ

ಕಾರನ್ನು ನಿಲ್ಲಿಸಿ, ಆಕ್ಸಿಲರೇಟರಿನ ಮೇಲಿಂದ ಕಾಲನ್ನು ತೆಗೆದು, ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟರೆ ಅದರ ಸದ್ದು ಒಂದೇ ಸಮನಾಗಿರಬೇಕು. ಕೆಲವು ಕಾರುಗಳಲ್ಲಿ ಹಾಗಾಗುವುದಿಲ್ಲ. ಸದ್ದು ತಾನಾಗಿಯೇ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಮುಳ್ಳು ಗಡಿಯಾರದ ಲೋಲಕದಂತೆ ಅತ್ತಿತ್ತ ತೂಗುತ್ತದೆ. ಇನ್ನು ಕೆಲವು ಕಾರುಗಳಲ್ಲಿ ನೆಟ್ಟನೆಯ ರಸ್ತೆಯಲ್ಲಿ ಒಂದೇ ವೇಗದಿಂದ ಹೋಗುವಾಗ ಯಾರೋ ಹಿಂದಿನಿಂದ ನೂಕಿ, ಮರುಕ್ಷಣವೇ ಹಿಡಿದೆಳೆದಂತೆ ಭಾಸವಾಗುತ್ತದೆ. 'ಎಂಜಿನ್ನು ತಾನಾಗಿಯೇ ರೇಸ್ ಆಗುತ್ತದೆ' ಎಂದು ಕಾರಿನ ಯಜಮಾನರು ದೂರುತ್ತಾರೆ. 'ಹಂಟಿಂಗ್' ಎಂದು ಮೆಕ್ಯಾನಿಕ್ಕುಗಳು ಹೇಳುತ್ತಾರೆ. ನಾವು ಇದನ್ನು 'ತೂಗಾಟ'ವೆಂದು ಕರೆಯೋಣ.

ಹಿಂದಿನ ಕಾಲದಲ್ಲಿ ಇಂಥ ಕಾರನ್ನು ಗ್ಯಾರೇಜಿಗೆ ಒಯ್ದರೆ ಮೆಕ್ಯಾನಿಕ್ಕನು ಕಿವಿಗೊಟ್ಟು ಕೇಳಿ, ಕಾರ್ಬ್ಯುರೇಟರಿನ ತಿರುಪನ್ನು ಕಾಲು ಸುತ್ತು ತಿರುಗಿಸಿ ಸರಿಪಡಿಸುತ್ತಿದ್ದನು. ಈಗ ಸರ್ವಿಸ್ ಸೆಂಟರಿನವರು ಸ್ಟಿಯರಿಂಗಿನ ಕೆಳಗೆ ಒಂದು ತಂತಿಯನ್ನು ಸಿಕ್ಕಿಸಿ, ಸ್ವಲ್ಪ ಹೊತ್ತು ಕಾದು, 'ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೇವೆ, ತೆಗೆದುಕೊಂಡು ಹೋಗಿ' ಎನ್ನುತ್ತಾರೆ. ಒಂದು ತಿರುಪನ್ನೂ ಮುಟ್ಟದೆ ಕಬ್ಬಿಣದ ಯಂತ್ರದ ಕಾಯಿಲೆ ವಾಸಿಯಾಗುವುದು ಹೇಗೆ? ಎಲ್ಲ ತೂಗಾಟಕ್ಕೂ ಈ ಔಷಧ ನಾಟುವುದೆ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಬಿಸಿನೀರಿನ ನಲ್ಲಿಯ ಪಾಠ

ತೂಗಾಟದ ಮೂಲವನ್ನು ತಿಳಿಯಲು ಎಂಜಿನ್ನಿನ ಬಳಿಗೆ ಹೋಗಬೇಕಾಗಿಲ್ಲ. ಬಚ್ಚಲುಮನೆಗೆ ಹೋದರೆ ಸಾಕು. ತಾರಸಿಯ ಮೇಲೆ ಸೂರ್ಯನ ಬಿಸಿಲಿನಿಂದ ನೀರು ಕಾಯಿಸುವ ತೊಟ್ಟಿ ಇದೆ; ಅಲ್ಲಿಂದ ಬಚ್ಚಲಿಗೆ ಉದ್ದವಾದ ಕೊಳವೆ ಇದೆ. ಬಿಸಿನೀರಿನ ನಲ್ಲಿಯನ್ನು ತಿರುಗಿಸಿದರೆ ಮೊದಲು ಬರುವುದು ಕೊಳವೆಯಲ್ಲಿ ನಿಂತಿದ್ದ ತಣ್ಣೀರು. 'ಸಾಲದು' ಎಂದು ಇನ್ನಷ್ಟು ತಿರುಗಿಸುತ್ತೇವೆ. ಕೊಂಚ ಹೊತ್ತಿಗೆ ಸುಡುನೀರು ಸುರಿಯುತ್ತದೆ. ಗಾಬರಿಯಿಂದ ನಲ್ಲಿಯನ್ನು ಹಿಂದಕ್ಕೆ ತಿರುಗಿಸಿ ತಣ್ಣೀರನ್ನು ಹೆಚ್ಚು ಮಾಡುತ್ತೇವೆ. ಮತ್ತೆ ಕೊಂಚ ಹೊತ್ತಿಗೆ ಚಳಿ ಹಿಡಿಸುವ ನೀರು! ಅವಸರದವನು ಹೀಗೆ ಸುಡುನೀರಿಗೂ ತಣ್ಣೀರಿಗೂ ನಡುವೆ ಸ್ನಾನ ಮುಗಿಯುವವರೆಗೂ ತೂಗಾಡುತ್ತಾನೆ.

ಇಲ್ಲಿ ನಲ್ಲಿ ಕೆಟ್ಟಿಲ್ಲ, ತೊಟ್ಟಿ ಕೆಟ್ಟಿಲ್ಲ, ನೀರೂ ಕೆಟ್ಟಿಲ್ಲ. ಕೆಟ್ಟಿರುವುದು ತಿದ್ದುವ ಕ್ರಮ. ಕೈಯ ಕೆಲಸದ ಫಲ ಮೈಗೆ ತಡವಾಗಿ ತಿಳಿಯುತ್ತದೆ. ತಿಳಿಯುವ ಮೊದಲೇ ಕೈ ಅತಿಯಾಗಿ ತಿದ್ದಿಬಿಟ್ಟಿರುತ್ತದೆ. ತಡ ಮತ್ತು ಅತಿ, ಇವೆರಡೂ ಕೂಡಿದಾಗ ತೂಗಾಟ ಹುಟ್ಟುತ್ತದೆ. ಇದಕ್ಕೆ ಪರಿಹಾರವೂ ಎರಡು ಬಗೆ. ಕೊಳವೆಯನ್ನು ಮೋಟು ಮಾಡಿ ತಡವನ್ನು ತಗ್ಗಿಸಬಹುದು. ಅಥವಾ ನಲ್ಲಿಯನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸಿ, ಕಾದು ನೋಡಬಹುದು. ತಡ ಹೆಚ್ಚಿದ್ದಷ್ಟೂ ಕೈ ಹಗುರವಾಗಿರಬೇಕು. ಈ ಒಂದು ನಿಯಮವನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಗುಂಡುಗಳ ಗವರ್ನರ್

ಯಂತ್ರಗಳಿಗೆ ಈ ಕಾಯಿಲೆ ಹೊಸದಲ್ಲ. 1788ರಲ್ಲಿ ಜೇಮ್ಸ್ ವಾಟನು ತನ್ನ ಉಗಿಯಂತ್ರಕ್ಕೆ ಗವರ್ನರ್ ಎಂಬ ಉಪಕರಣವನ್ನು ಜೋಡಿಸಿದನು. ಗಾಳಿಯಂತ್ರಗಳಲ್ಲಿ ಅದಕ್ಕೂ ಮುಂಚೆಯೇ ಬಳಕೆಯಲ್ಲಿದ್ದ ಉಪಾಯವದು. ತಿರುಗುವ ಕಂಬಕ್ಕೆ ಎರಡು ಗುಂಡುಗಳನ್ನು ತೋಳುಗಳಿಂದ ತೂಗುಹಾಕಿರುತ್ತಾರೆ. ಯಂತ್ರದ ವೇಗ ಏರಿದರೆ ಗುಂಡುಗಳು ಹೊರಕ್ಕೆ ಚಿಮ್ಮಿ ಮೇಲೇರುತ್ತವೆ. ಅವುಗಳಿಗೆ ಕಟ್ಟಿದ ಸನ್ನೆ ಉಗಿಯ ಕವಾಟವನ್ನು ಮುಚ್ಚುತ್ತದೆ. ವೇಗ ಇಳಿದರೆ ಗುಂಡುಗಳು ಕೆಳಗಿಳಿದು ಕವಾಟ ತೆರೆಯುತ್ತದೆ. ಯಂತ್ರ ತನ್ನ ವೇಗವನ್ನು ತಾನೇ ಅಳೆದು ತಾನೇ ತಿದ್ದಿಕೊಳ್ಳುವಂತಾಯಿತು.

ಆದರೆ ಎಲ್ಲ ಗವರ್ನರುಗಳೂ ಸಾಧುಗಳಾಗಿರಲಿಲ್ಲ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದ ಜಾರ್ಜ್ ಏರಿ ನಕ್ಷತ್ರಗಳ ಚಲನೆಯನ್ನು ಅನುಸರಿಸಿ ದೂರದರ್ಶಕವನ್ನು ಸಮವೇಗದಿಂದ ತಿರುಗಿಸಲು ಇಂಥ ಗವರ್ನರನ್ನೇ ನೆಚ್ಚಿದನು. ವೇಗವನ್ನು ಸಮಗೊಳಿಸಬೇಕಾದ ಆ ಉಪಕರಣವೇ ಹತೋಟಿ ತಪ್ಪಿ ತೂಗಾಡತೊಡಗಿತು. ಏರಿ ಅದರ ಗಣಿತವನ್ನು 1840ರಲ್ಲಿ ವಿವೇಚಿಸಿದನು. 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗವರ್ನರುಗಳನ್ನು ಕುರಿತೇ ಒಂದು ಪ್ರಬಂಧವನ್ನು ಪ್ರಕಟಿಸಿ, ಇಂಥ ಯಂತ್ರಕ್ಕೆ ಒಂದು ಸಣ್ಣ ಅಡಚಣೆ ಉಂಟಾದಾಗ ನಾಲ್ಕು ಬಗೆಯ ಪರಿಣಾಮಗಳು ಸಾಧ್ಯವೆಂದು ತೋರಿಸಿದನು. ಅಡಚಣೆ ಸುಮ್ಮನೆ ಬೆಳೆಯುತ್ತ ಹೋಗಬಹುದು, ಸುಮ್ಮನೆ ಅಡಗಬಹುದು, ತೂಗಾಡುತ್ತ ಬೆಳೆಯಬಹುದು, ತೂಗಾಡುತ್ತ ಅಡಗಬಹುದು. ಯಾವುದಾಗುವುದೆಂಬುದು ಯಂತ್ರದ ಭಾಗಗಳ ತೂಕ, ಘರ್ಷಣೆ ಮತ್ತು ತಿದ್ದುಪಡಿಯ ಬಲ ಇವುಗಳನ್ನು ಅವಲಂಬಿಸಿದೆ. ತೂಗಾಟ ಭಾಗಗಳ ದೋಷವಷ್ಟೇ ಅಲ್ಲ, ಅವುಗಳ ಹೊಂದಾಣಿಕೆಯ ದೋಷವೂ ಆಗಿರಬಹುದೆಂಬ ಸತ್ಯ ಆಗ ಸ್ಪಷ್ಟವಾಯಿತು.

ನಮ್ಮ ನಾಡಿನ ಹಿರಿಯರಿಗೆ ಈ ಗವರ್ನರ್ ಅಪರಿಚಿತವಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಕೋ ಕಾರ್ಖಾನೆ ಡೀಸೆಲ್ ಎಂಜಿನ್ನುಗಳ ಇಂಧನ ಪಂಪುಗಳಿಗೆ ಹೆಸರಾಗಿತ್ತು. ಲಾರಿ ಟ್ರ್ಯಾಕ್ಟರುಗಳ ಅಂಥ ಪಂಪಿನ ಬೆನ್ನಿಗೆ ಅಂಟಿಕೊಂಡಿರುತ್ತಿದ್ದ ಗವರ್ನರಿನೊಳಗೆ ವಾಟನ ಗುಂಡುಗಳ ವಂಶಸ್ಥರೇ ತಿರುಗುತ್ತಿದ್ದವು. ಇಂದು ಬಾಷ್ ಎಂಬ ಹೆಸರಿನಿಂದ ನಡೆಯುವ ಅದೇ ಸಮೂಹದ ಎಂಜಿನಿಯರುಗಳು ಬೆಂಗಳೂರಿನಲ್ಲಿ ಕುಳಿತು ಮೋಟಾರುಗಳ ಸಾಫ್ಟ್‌ವೇರನ್ನು ಬರೆಯುತ್ತಾರೆ. ಗುಂಡುಗಳ ಸ್ಥಾನಕ್ಕೆ ಅಂಕಿಗಳು ಬಂದಿವೆ.

ಕಾರಿನೊಳಗಿನ ಲೆಕ್ಕಿಗ

ಇಂದಿನ ಪೆಟ್ರೋಲ್ ಕಾರಿನಲ್ಲಿ ಕಾರ್ಬ್ಯುರೇಟರ್ ಇಲ್ಲ. ಎಂಜಿನ್ ನಿಯಂತ್ರಣ ಘಟಕ ಎಂಬ ಸಣ್ಣ ಕಂಪ್ಯೂಟರು ಅದರ ಕೆಲಸವನ್ನು ವಹಿಸಿಕೊಂಡಿದೆ. ಇದನ್ನು ನಾವು 'ಲೆಕ್ಕಿಗ'ನೆಂದು ಕರೆಯಬಹುದು. ಎಂಜಿನ್ನು ಎಷ್ಟು ವೇಗವಾಗಿ ಸುತ್ತುತ್ತಿದೆ, ಒಳಗೆ ಎಷ್ಟು ಗಾಳಿ ಹೋಗುತ್ತಿದೆ, ನೀರು ಎಷ್ಟು ಬಿಸಿಯಾಗಿದೆ, ಚಾಲಕನು ಪೆಡಲನ್ನು ಎಷ್ಟು ಒತ್ತಿದ್ದಾನೆ ಎಂಬ ಸುದ್ದಿಗಳನ್ನು ಸಂವೇದಕಗಳು ಅವನಿಗೆ ತಲಪಿಸುತ್ತವೆ. ಅವನು ತನ್ನ ನೆನಪಿನಲ್ಲಿರುವ ಕೋಷ್ಟಕಗಳನ್ನು ನೋಡಿ, ಸಿಲಿಂಡರಿಗೆ ಎಷ್ಟು ಪೆಟ್ರೋಲನ್ನು ಚಿಮ್ಮಿಸಬೇಕು, ಕಿಡಿಯನ್ನು ಯಾವ ಕ್ಷಣದಲ್ಲಿ ಹಾರಿಸಬೇಕು ಎಂಬುದನ್ನು ನಿರ್ಧರಿಸುತ್ತಾನೆ.

ಈ ಕೆಲಸದ ಬಿರುಸನ್ನು ಒಂದು ಲೆಕ್ಕದಿಂದ ಊಹಿಸಬಹುದು. ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಸುತ್ತಾಯಿತು. ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೊಮ್ಮೆ ಉರಿಯುವುದರಿಂದ ನಾಲ್ಕೂ ಸೇರಿ ಸೆಕೆಂಡಿಗೆ 100 ಸಲ ಉರಿಯುತ್ತವೆ. ಒಂದೊಂದು ಉರಿಗೂ ಲೆಕ್ಕಿಗನು ಅಪ್ಪಣೆ ಕೊಡಬೇಕು.

ಪೆಟ್ರೋಲು ಪೂರ್ತಿಯಾಗಿ ಉರಿಯಲು ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಈ ಪ್ರಮಾಣ ತಪ್ಪಿದರೆ ಹೊಗೆಯನ್ನು ಶುದ್ಧಿಗೊಳಿಸುವ ಉಪಕರಣ ಸರಿಯಾಗಿ ಕೆಲಸ ಮಾಡದು. ಆದುದರಿಂದ ಹೊಗೆಕೊಳವೆಯಲ್ಲಿ ಆಮ್ಲಜನಕವನ್ನು ಗುರುತಿಸುವ ಒಂದು ಸಂವೇದಕವನ್ನು ಇಟ್ಟಿರುತ್ತಾರೆ. ಬಾಷ್ ಕಂಪೆನಿ ರೂಪಿಸಿದ ಈ ಸಾಧನ 1976ರಲ್ಲಿ ಸ್ವೀಡನ್ನಿನ ವೋಲ್ವೋ ಕಾರಿನಲ್ಲಿ ಮೊದಲು ಬಳಕೆಗೆ ಬಂದಿತು. ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನಿಂದಾದ ಇದು, ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ ಸುಮಾರು 0.1 ವೋಲ್ಟನ್ನೂ ಉಳಿಯದೆ ಪೆಟ್ರೋಲೇ ಹೆಚ್ಚಾಗಿದ್ದರೆ ಸುಮಾರು 0.9 ವೋಲ್ಟನ್ನೂ ಕೊಡುತ್ತದೆ. ಈ ಸಾದಾ ಬಗೆಯ ಸಂವೇದಕ 'ಹೆಚ್ಚಾಯಿತು', 'ಕಡಿಮೆಯಾಯಿತು' ಎಂದು ಮಾತ್ರ ಹೇಳಬಲ್ಲುದು, ಎಷ್ಟೆಂದು ಹೇಳಲಾರದು. ಹೀಗಾಗಿ ಲೆಕ್ಕಿಗನು ಪೆಟ್ರೋಲನ್ನು ಸ್ವಲ್ಪ ಏರಿಸಿ, ಸ್ವಲ್ಪ ಇಳಿಸಿ, ಸರಿಯಾದ ಪ್ರಮಾಣದ ಎರಡು ಬದಿಗೂ ಸಣ್ಣಗೆ ತೂಗುತ್ತಲೇ ಇರುತ್ತಾನೆ. ಆರೋಗ್ಯವಂತ ಎಂಜಿನ್ನಿನಲ್ಲಿ ಈ ತೂಗು ನಮ್ಮ ಅನುಭವಕ್ಕೆ ಬರುವುದೇ ಇಲ್ಲ.

ತಡ ಬರುವುದೆಲ್ಲಿಂದ?

ಈಗ ಬಚ್ಚಲಿನ ಕೊಳವೆಯನ್ನು ನೆನೆಯೋಣ. ನಿಂತ ಕಾರಿನಲ್ಲಿ ಎಂಜಿನ್ನು ನಿಮಿಷಕ್ಕೆ 750 ಸುತ್ತು ತಿರುಗುತ್ತಿದೆಯೆಂದು ಭಾವಿಸೋಣ. ಆಗ ಒಂದು ಸುತ್ತಿಗೆ 80 ಮಿಲಿಸೆಕೆಂಡು ಹಿಡಿಯುತ್ತದೆ. ಪೆಟ್ರೋಲು ಒಳಗೆ ಹೋಗಿ, ಒತ್ತಲ್ಪಟ್ಟು, ಉರಿದು, ಹೊಗೆಯಾಗಿ ಹೊರಬರಲು ಎರಡು ಸುತ್ತು, ಎಂದರೆ 160 ಮಿಲಿಸೆಕೆಂಡು ಬೇಕು. ಆ ಹೊಗೆ ಸಂವೇದಕವನ್ನು ಮುಟ್ಟಿ, ಸಂವೇದಕ ಉತ್ತರ ಕೊಡುವುದಕ್ಕೆ ಇನ್ನೂ ಸ್ವಲ್ಪ ಕಾಲ ಬೇಕು. ಲೆಕ್ಕಿಗನ ಕೈಗೆ ಬರುವುದು ಯಾವಾಗಲೂ ಹಳೆಯ ಸುದ್ದಿಯೇ. ಸಂವೇದಕಕ್ಕೆ ವಯಸ್ಸಾಗಿ ಅದು ಮಂದವಾದರೆ ಸುದ್ದಿ ಮತ್ತಷ್ಟು ಹಳತಾಗುತ್ತದೆ. ಸಣ್ಣ ತೂಗು ದೊಡ್ಡ ತೂಗಾಟವಾಗುತ್ತದೆ.

ಗಾಳಿಯ ದಾರಿಯಲ್ಲಿಯೂ ತಡ ಉಂಟು. ಎಂಜಿನ್ನು ಸುಮ್ಮನೆ ಓಡುತ್ತಿರುವಾಗ ಏರ್ ಕಂಡಿಷನರ್ ಚಾಲೂ ಆಯಿತೆನ್ನೋಣ. ಹೊರೆ ಬಿದ್ದು ವೇಗ ಕುಸಿಯುತ್ತದೆ. ಲೆಕ್ಕಿಗನು ಗಾಳಿಯ ಬಾಗಿಲನ್ನು ಕೊಂಚ ತೆರೆಯುತ್ತಾನೆ. ಆದರೆ ಬಾಗಿಲಿಗೂ ಸಿಲಿಂಡರಿಗೂ ನಡುವೆ ಇರುವ ಕೊಳವೆಗಳು ಗಾಳಿಯಿಂದ ತುಂಬಿಕೊಳ್ಳಲು ಸಮಯ ಬೇಕು. ಅಷ್ಟರಲ್ಲಿ ವೇಗ ಇನ್ನೂ ಕುಸಿದಿರುತ್ತದೆ. ಲೆಕ್ಕಿಗನು ಬಾಗಿಲನ್ನು ಇನ್ನಷ್ಟು ತೆರೆದನೋ, ಬಚ್ಚಲಿನ ಕಥೆಯೇ ಪುನರಾವರ್ತನೆಯಾಗುತ್ತದೆ. ಜಾಣ ಎಂಜಿನಿಯರುಗಳು ಇದಕ್ಕೆ ಒಂದು ಉಪಾಯ ಮಾಡಿದ್ದಾರೆ. ಕಿಡಿ ಹಾರುವ ಕ್ಷಣವನ್ನು ಸ್ವಲ್ಪ ಹಿಂದುಮುಂದು ಮಾಡಿದರೆ ಅದರ ಫಲ ಮುಂದಿನ ಉರಿಯಲ್ಲಿಯೇ, ಎಂದರೆ ನಿಮಿಷಕ್ಕೆ 750 ಸುತ್ತಿನಲ್ಲಿ 40 ಮಿಲಿಸೆಕೆಂಡಿನೊಳಗೆ, ದೊರೆಯುತ್ತದೆ. ಆದುದರಿಂದ ಚಿಕ್ಕ ತುರ್ತು ತಿದ್ದುಪಡಿಗಳನ್ನು ಕಿಡಿಯಿಂದಲೂ, ದೊಡ್ಡ ನಿಧಾನದ ತಿದ್ದುಪಡಿಗಳನ್ನು ಗಾಳಿಯಿಂದಲೂ ಮಾಡಿಸುತ್ತಾರೆ. ಎಷ್ಟು ಭಾಗ ಕಿಡಿಗೆ, ಎಷ್ಟು ಭಾಗ ಗಾಳಿಗೆ ಎಂಬುದೆಲ್ಲ ಕೋಷ್ಟಕದ ಅಂಕಿಗಳಲ್ಲಿದೆ.

ಇನ್ನೊಂದು ಉದಾಹರಣೆಯನ್ನು ನೋಡೋಣ. ಇಳಿಜಾರಿನಲ್ಲಿ ಪೆಡಲನ್ನು ಬಿಟ್ಟಾಗ ಲೆಕ್ಕಿಗನು ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತಾನೆ. ವೇಗ ಒಂದು ಮಟ್ಟಕ್ಕೆ ಇಳಿದಾಗ ಮತ್ತೆ ಕೊಡುತ್ತಾನೆ. ನಿಲ್ಲಿಸುವ ಮಟ್ಟ 1,500 ಸುತ್ತು, ಮತ್ತೆ ಕೊಡುವ ಮಟ್ಟ 1,200 ಸುತ್ತು ಎಂದಿಟ್ಟುಕೊಳ್ಳಿ. ಎಲ್ಲಿಯೋ ಒಂದು ರಬ್ಬರು ಕೊಳವೆ ಬಿರುಕು ಬಿಟ್ಟು ಹೆಚ್ಚಿನ ಗಾಳಿ ಒಳನುಗ್ಗಿದರೆ, ಪೆಡಲನ್ನು ಮುಟ್ಟದಿದ್ದರೂ ವೇಗ 1,500ನ್ನು ದಾಟಬಹುದು. ಲೆಕ್ಕಿಗನು ಪೆಟ್ರೋಲನ್ನು ನಿಲ್ಲಿಸುತ್ತಾನೆ, ವೇಗ 1,200ಕ್ಕೆ ಬೀಳುತ್ತದೆ, ಮತ್ತೆ ಕೊಡುತ್ತಾನೆ, ಮತ್ತೆ ಏರುತ್ತದೆ. ನಿಂತ ಕಾರು ಉಸಿರಾಡುತ್ತಿರುವಂತೆ ಕೇಳಿಸುವ ತೂಗಾಟದ ಹಿಂದೆ ಅನೇಕ ವೇಳೆ ಇರುವುದು ಈ ಗುಟ್ಟೇ.

ಅಂಕಿಗಳ ಚಿಕಿತ್ಸೆ

ಇಷ್ಟು ತಿಳಿದ ಮೇಲೆ ಅಪ್‌ಡೇಟ್ ಎಂದರೇನೆಂಬುದು ತಾನಾಗಿ ಹೊಳೆಯುತ್ತದೆ. ಲೆಕ್ಕಿಗನ ನೆನಪಿನಲ್ಲಿರುವ ಹಳೆಯ ಸೂಚನೆಗಳನ್ನೂ ಕೋಷ್ಟಕಗಳನ್ನೂ ಅಳಿಸಿ ಹೊಸವನ್ನು ಬರೆಯುವುದೇ ಅಪ್‌ಡೇಟ್. ತಿದ್ದುಪಡಿಯ ಕೈಯನ್ನು ಹಗುರಗೊಳಿಸಬಹುದು. ಎರಡು ಮಟ್ಟಗಳ ನಡುವಣ ಅಂತರವನ್ನು ಹೆಚ್ಚಿಸಬಹುದು. ಏರ್ ಕಂಡಿಷನರ್ ಚಾಲೂ ಆಗುವ ಮೊದಲೇ ಗಾಳಿಯ ಬಾಗಿಲನ್ನು ತೆರೆಯುವಂತೆ ಹೇಳಿಕೊಡಬಹುದು. ಮ್ಯಾಕ್ಸ್‌ವೆಲ್ಲನ ಕಾಲದಲ್ಲಿ ಇದಕ್ಕೆ ಗುಂಡಿನ ತೂಕವನ್ನೇ ಬದಲಾಯಿಸಬೇಕಾಗಿತ್ತು. ಕಾರುಗಳಿಗೆ ಕಂಪ್ಯೂಟರು ಬಂದ ಆರಂಭದ ದಿನಗಳಲ್ಲಿ ನೆನಪಿನ ಚಿಪ್ಪನ್ನು ಕಿತ್ತು ಬೇರೆಯದನ್ನು ಕೂರಿಸಬೇಕಾಗಿತ್ತು. ಈಗ ತಂತಿಯ ಮೂಲಕವೇ, ಕೆಲವು ಕಾರುಗಳಲ್ಲಿ ತಂತಿಯಿಲ್ಲದೆಯೇ, ಬರೆಯಬಹುದು. ಬರೆಯುವಾಗ ಬ್ಯಾಟರಿಯ ಶಕ್ತಿ ಕುಂದಬಾರದು; ಅರ್ಧಕ್ಕೆ ನಿಂತರೆ ಲೆಕ್ಕಿಗನು ಹಳೆಯದನ್ನು ಮರೆತು ಹೊಸದನ್ನು ಕಲಿಯದೆ ಮೂಕನಾಗುವ ಅಪಾಯವಿದೆ.

2005ರಲ್ಲಿ ಟೊಯೋಟ ಕಂಪೆನಿಯ ಪ್ರಿಯಸ್ ಕಾರುಗಳು ಓಡುತ್ತಿರುವಾಗಲೇ ಎಂಜಿನ್ನು ನಿಂತುಹೋಗುತ್ತದೆಂಬ ದೂರುಗಳು ಅಮೆರಿಕದಲ್ಲಿ ಎದ್ದವು. ಕಂಪೆನಿಯು ಆ ದೇಶದ ಸುಮಾರು 75,000 ಕಾರುಗಳ ಸಾಫ್ಟ್‌ವೇರನ್ನು ತಿದ್ದಿಕೊಡುವುದಾಗಿ ಪ್ರಕಟಿಸಿತು. ಅಷ್ಟು ಕಾರುಗಳಲ್ಲಿ ಒಂದೊಂದು ಲೋಹದ ಭಾಗವನ್ನು ಬದಲಾಯಿಸುವುದೆಂದರೆ ಎಷ್ಟು ಶ್ರಮ, ಎಷ್ಟು ವೆಚ್ಚ ಎಂಬುದನ್ನು ಊಹಿಸಿದರೆ ಈ ಚಿಕಿತ್ಸೆಯ ಹಿರಿಮೆ ಅರ್ಥವಾದೀತು.

ಅಪ್‌ಡೇಟ್ ಆದ ಮರುದಿನ ಕಾರು ಸ್ವಲ್ಪ ಬೇರೆಯಾಗಿ ನಡೆದರೆ ಗಾಬರಿಪಡಬೇಕಾಗಿಲ್ಲ. ಲೆಕ್ಕಿಗನು ದಿನದಿನವೂ ಸಣ್ಣಪುಟ್ಟ ತಿದ್ದುಪಡಿಗಳನ್ನು ಅನುಭವದಿಂದ ಕಲಿತು ಬರೆದಿಟ್ಟುಕೊಂಡಿರುತ್ತಾನೆ. ಭಾರತದಲ್ಲಿ ಈಗ ದೊರೆಯುವ, ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿಗೆ 14.7ರ ಬದಲು ಸುಮಾರು 13.5 ಪಟ್ಟು ಗಾಳಿ ಸಾಕು. ಇಂಥ ವ್ಯತ್ಯಾಸಗಳನ್ನು ಅವನು ಈ ಕಲಿಕೆಯಿಂದಲೇ ಸರಿದೂಗಿಸುತ್ತಾನೆ. ಅಪ್‌ಡೇಟಿನೊಡನೆ ಆ ಕಲಿಕೆ ಅಳಿಸಿಹೋದರೆ ಮತ್ತೆ ಕಲಿಯಲು ಸ್ವಲ್ಪ ಓಡಾಟ ಬೇಕಾಗುತ್ತದೆ.

ಔಷಧದ ಮಿತಿ

ಆದರೆ ಅಂಕಿಗಳು ಸರ್ವರೋಗಕ್ಕೂ ಮದ್ದಲ್ಲ. ಕೊಳವೆ ಬಿರಿದಿದ್ದರೆ ಅದನ್ನು ಬದಲಾಯಿಸಬೇಕು. ಗಾಳಿಯ ಬಾಗಿಲಿನ ಅಂಚಿಗೆ ಮಸಿ ಕಟ್ಟಿದ್ದರೆ ಅದನ್ನು ಒರೆಸಬೇಕು. ಸಂವೇದಕ ಮುದಿಯಾಗಿದ್ದರೆ ಹೊಸದನ್ನು ಹಾಕಬೇಕು. ಸುಳ್ಳು ಸುದ್ದಿಯನ್ನು ಕೇಳಿದ ಲೆಕ್ಕಿಗನು ಎಷ್ಟೇ ಜಾಣನಾದರೂ ತಪ್ಪು ತೀರ್ಪನ್ನೇ ಕೊಡುತ್ತಾನೆ.

ಕೆಲವೊಮ್ಮೆ ಪ್ರಕೃತಿಯ ನಿಯಮವೇ ಅಡ್ಡ ನಿಲ್ಲುತ್ತದೆ. 1990ರ ದಶಕದಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯು. ಮೋಟಾರ್‌ಸೈಕಲ್ಲುಗಳ ಒಂದು ಸರಣಿ, ಹಗುರವಾದ ಹೊರೆಯಲ್ಲಿ ಸಮವೇಗದಿಂದ ಹೋಗುವಾಗ ತೂಗಾಡುತ್ತದೆಂದು ಸವಾರರು ಬಹಳ ದೂರಿದರು. ಹೊಗೆಯ ನಿಯಮಗಳನ್ನು ಪಾಲಿಸಲು ಪೆಟ್ರೋಲಿನ ಪ್ರಮಾಣವನ್ನು ಬಿಗಿಹಿಡಿದಿದ್ದುದು ಇದಕ್ಕೆ ಒಂದು ಕಾರಣ. ಪೆಟ್ರೋಲು ಕಡಿಮೆಯಾದ ಮಿಶ್ರಣದಲ್ಲಿ ಜ್ವಾಲೆ ನಿಧಾನವಾಗಿ ಹಬ್ಬುತ್ತದೆ; ಒಂದು ಉರಿ ಬಲವಾಗಿದ್ದರೆ ಇನ್ನೊಂದು ಸೊರಗುತ್ತದೆ. 2003ರ ಹೊತ್ತಿಗೆ ಆ ಎಂಜಿನ್ನುಗಳ ಒಂದೊಂದು ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್ಗುಗಳು ಬಂದವು. ಎರಡು ಕಡೆಯಿಂದ ಹೊತ್ತಿದ ಮಿಶ್ರಣ ಒಂದೇ ಸಮನಾಗಿ ಉರಿಯಬಲ್ಲುದು. ಇಲ್ಲಿ ಗೆದ್ದುದು ಅಂಕಿಯಲ್ಲ, ಲೋಹ.

ಅಂಕಿಗಳ ಚಿಕಿತ್ಸೆಯೇ ಸಾಲದೆ ಹೋದ ನಿದರ್ಶನವೂ ಉಂಟು. ಟೊಯೋಟ ಕಂಪೆನಿ 2014ರಲ್ಲಿ ಸುಮಾರು 19 ಲಕ್ಷ ಪ್ರಿಯಸ್ ಕಾರುಗಳನ್ನು, ವಿದ್ಯುತ್ ಭಾಗವೊಂದು ಅತಿಯಾಗಿ ಬಿಸಿಯಾಗುವುದನ್ನು ತಡೆಯಲು, ಸಾಫ್ಟ್‌ವೇರ್ ತಿದ್ದುಪಡಿಗೆಂದು ಹಿಂದಕ್ಕೆ ಕರೆಸಿತು. 2018ರಲ್ಲಿ 24 ಲಕ್ಷಕ್ಕೂ ಹೆಚ್ಚು ಹೈಬ್ರಿಡ್ ಕಾರುಗಳನ್ನು ಮತ್ತೆ ಕರೆಸಬೇಕಾಯಿತು. ತೊಂದರೆ ಬಂದಾಗ ಕಾರು ಸುರಕ್ಷಿತವಾದ ಮಂದಗತಿಗೆ ಇಳಿಯಬೇಕಾಗಿತ್ತು. ಆದರೆ ಅಪರೂಪಕ್ಕೆ ಪೂರ್ತಿಯಾಗಿ ನಿಂತುಬಿಡಬಹುದಾದ ಸಂದರ್ಭವನ್ನು ಮೊದಲಿನ ತಿದ್ದುಪಡಿ ಊಹಿಸಿರಲಿಲ್ಲ. ಹೆದ್ದಾರಿಯ ನಡುವೆ ಶಕ್ತಿ ಕಳೆದುಕೊಂಡ ಕಾರಿನೊಳಗೆ ಮನುಷ್ಯರು ಕುಳಿತಿರುತ್ತಾರೆ ಎಂಬುದನ್ನು ಮರೆಯಬಾರದು.

ಕಣ್ಣಿಗೆ ಕಾಣದ ತಿರುಪು

ಇಲ್ಲಿ ಇನ್ನೊಂದು ಗಂಭೀರವಾದ ವಿಚಾರವಿದೆ. ಕಾರ್ಬ್ಯುರೇಟರಿನ ತಿರುಪನ್ನು ಮೆಕ್ಯಾನಿಕ್ಕನು ತಿರುಗಿಸಿದುದನ್ನು ಯಜಮಾನನು ಪಕ್ಕದಲ್ಲಿ ನಿಂತು ನೋಡಬಹುದಾಗಿತ್ತು. ಅಂಕಿ ಬದಲಾದುದು ಯಾರ ಕಣ್ಣಿಗೂ ಬೀಳದು. 2015ರಲ್ಲಿ ಫೋಕ್ಸ್‌ವ್ಯಾಗನ್ ಕಂಪೆನಿಯ ಡೀಸೆಲ್ ಕಾರುಗಳ ಸಾಫ್ಟ್‌ವೇರು ಪರೀಕ್ಷೆಯ ಸಂದರ್ಭವನ್ನು ಗುರುತಿಸಿ, ಪರೀಕ್ಷೆಯಲ್ಲಿ ಮಾತ್ರ ಹೊಗೆಯನ್ನು ತಗ್ಗಿಸುತ್ತಿತ್ತೆಂಬುದು ಬಯಲಾಯಿತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಅದು ಅಡಗಿತ್ತು. ಯುರೋಪಿನಲ್ಲಿ ಪರಿಹಾರವಾಗಿ ಬಂದುದೂ ಸಾಫ್ಟ್‌ವೇರ್ ಅಪ್‌ಡೇಟೇ. 1.6 ಲೀಟರ್ ಎಂಜಿನ್ನುಗಳಿಗೆ ಮಾತ್ರ, ಗಾಳಿಯನ್ನು ಅಳೆಯುವ ಸಂವೇದಕದ ಮುಂದೆ ಒಂದು ಸಣ್ಣ ಜಾಲರಿಯನ್ನೂ ಇಟ್ಟರು. ಸುಳಿಸುಳಿಯಾಗಿ ಬರುವ ಗಾಳಿಯನ್ನು ಅದು ಸಮಗೊಳಿಸಿ ಅಳತೆಯನ್ನು ನಿಖರಗೊಳಿಸುತ್ತದೆ. ಅಂಕಿಗಳು ಮೋಸಕ್ಕೂ ಒದಗಬಲ್ಲವು, ಪರಿಹಾರಕ್ಕೂ ಒದಗಬಲ್ಲವು. ಆದುದರಿಂದ ತನ್ನ ಕಾರಿನಲ್ಲಿ ಏನನ್ನು ಬದಲಾಯಿಸಿದರೆಂದು ಕೇಳುವುದು ಯಜಮಾನನ ಹಕ್ಕು.

ಕಾರುಳ್ಳವರು ಮಾಡಬೇಕಾದುದು

ತೂಗಾಟ ಕಂಡಾಗ ಅದು ಯಾವಾಗ ಬರುತ್ತದೆಂಬುದನ್ನು ಮೊದಲು ಗುರುತು ಹಾಕಿಕೊಳ್ಳಬೇಕು. ಎಂಜಿನ್ನು ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ನಿಂತಾಗಲೋ, ಓಡುವಾಗಲೋ? ಏರ್ ಕಂಡಿಷನರ್ ಹಾಕಿದಾಗ ಮಾತ್ರವೋ? ಈ ವಿವರಗಳು ಪರೀಕ್ಷಕನ ಅರ್ಧ ಕೆಲಸವನ್ನು ಮಾಡಿಕೊಡುತ್ತವೆ. ಲೆಕ್ಕಿಗನ ನೆನಪಿನಲ್ಲಿ ದಾಖಲಾದ ದೋಷಸಂಖ್ಯೆಗಳನ್ನು ಓದಿಸಬೇಕು. ಕೊಳವೆ, ಗಾಳಿಯ ಬಾಗಿಲು, ಸಂವೇದಕಗಳನ್ನು ನೋಡಿಸಬೇಕು. ಅವೆಲ್ಲವೂ ಸರಿಯಾಗಿದ್ದು ಕಂಪೆನಿ ಆ ಮಾದರಿಗೆ ತಿದ್ದುಪಡಿಯನ್ನು ಹೊರಡಿಸಿದ್ದರೆ ಆಗ ಅಪ್‌ಡೇಟ್ ಮಾಡಿಸಿ, ಹಿಂದಿನ ಮತ್ತು ಹೊಸ ಆವೃತ್ತಿಗಳ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.

ಓಡುವಾಗಲೇ ಎಂಜಿನ್ನು ಹತೋಟಿ ಮೀರಿ ರೇಸ್ ಆದರೆ ಬ್ರೇಕನ್ನು ಬಿಟ್ಟುಬಿಟ್ಟು ಒತ್ತದೆ ಒಂದೇ ಸಮನೆ ಬಲವಾಗಿ ಒತ್ತಬೇಕು. ಗೇರನ್ನು ನ್ಯೂಟ್ರಲ್ಲಿಗೆ ತಂದು ರಸ್ತೆಯ ಬದಿಗೆ ಸರಿಯಬೇಕು. ಎಂಜಿನ್ನನ್ನು ಆರಿಸುವುದು ಕಾರು ನಿಂತ ಮೇಲೆಯೇ. ಮೊದಲೇ ಆರಿಸಿದರೆ ಸ್ಟಿಯರಿಂಗೂ ಬ್ರೇಕೂ ಬಿಗಿಯಾಗುತ್ತವೆ.

ವಾಟನ ಗುಂಡುಗಳಿಂದ ಇಂದಿನ ಲೆಕ್ಕಿಗನವರೆಗೆ ಉಪಕರಣ ಬದಲಾಗಿದೆ, ನಿಯಮ ಬದಲಾಗಿಲ್ಲ. ಸರಿಯಾದ ಸುದ್ದಿ, ಸಕಾಲದಲ್ಲಿ, ಹಗುರವಾದ ಕೈಯ ತಿದ್ದುಪಡಿ, ಇವು ಮೂರೂ ಕೂಡಿದಲ್ಲಿ ಯಂತ್ರ ಸಮವಾಗಿ ನಡೆಯುತ್ತದೆ. ಒಂದು ತಪ್ಪಿದರೂ ತೂಗಾಡುತ್ತದೆ. ಅದರ ಸದ್ದು ಕಿವಿಗೆ ಬಿದ್ದಾಗ, ಈ ಮೂರರಲ್ಲಿ ಯಾವುದು ತಪ್ಪಿದೆಯೆಂದು ಕೇಳಿಕೊಂಡರೆ ಚಿಕಿತ್ಸೆಯ ದಾರಿ ತೆರೆದಂತೆಯೇ ಸರಿ.